ಕರ್ನಾಟಕದ ಫ್ರೆಂಚ್ ಐತಿಹಾಸಿಕ ತಾಣಗಳು

ಕರ್ನಾಟಕದ ಫ್ರೆಂಚ್ ಐತಿಹಾಸಿಕ ತಾಣಗಳು ಎಂದರೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಫ್ರೆಂಚ್ ಸೈನಿಕರು, ಕುಶಲಕರ್ಮಿಗಳು ಮತ್ತು ಪಾದ್ರಿಗಳೊಂದಿಗೆ ಸಂಬಂಧ ಹೊಂದಿದ್ದ, ಈಗಿನ ಕರ್ನಾಟಕ ರಾಜ್ಯದೊಳಗಿನ ಕೋಟೆ, ಚರ್ಚು, ಸೈನಿಕ ಶಿಬಿರ ಮತ್ತು ಸಮಾಧಿಗಳು. ಪುದುಚೇರಿ, ಕಾರೈಕಾಲ್ ಮತ್ತು ಮಾಹೆಗಳಂತೆ ಕರ್ನಾಟಕದ ಯಾವ ಊರೂ ದೀರ್ಘಕಾಲದ ಫ್ರೆಂಚ್ ವಸಾಹತಾಗಿರಲಿಲ್ಲ. ಫ್ರೆಂಚರು ಇಲ್ಲಿಗೆ ಬಂದದ್ದು ಆಳುವವರಾಗಿ ಅಲ್ಲ. ಮೈಸೂರಿನ ದೊರೆಗಳ ಸಂಬಳದ ಸೈನಿಕರಾಗಿ, ಮಿತ್ರಪಡೆಯಾಗಿ ಅಥವಾ ಧರ್ಮಪ್ರಚಾರಕರಾಗಿ. ಈ ಕಾರಣದಿಂದ ಅವರ ಕುರುಹುಗಳು ಒಂದೆಡೆ ಗುಂಪಾಗಿರದೆ ಶ್ರೀರಂಗಪಟ್ಟಣ, ಪಾಂಡವಪುರ, ಹಾಸನ, ಮೈಸೂರು, ಬೆಂಗಳೂರು, ಬಳ್ಳಾರಿ ಮತ್ತು ಮಂಗಳೂರುಗಳಲ್ಲಿ ಚದುರಿಹೋಗಿವೆ. ಇವುಗಳಲ್ಲಿ ಕೆಲವಕ್ಕೆ ಖಚಿತವಾದ ದಾಖಲೆಗಳ ಆಧಾರವಿದೆ; ಕೆಲವು ಜನಜನಿತ ಐತಿಹ್ಯವನ್ನು ಅವಲಂಬಿಸಿವೆ. ಈ ತಾಣಗಳನ್ನು ನೋಡಲು ಹೋಗುವವರು ಇವೆರಡರ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ಹಿನ್ನೆಲೆ

ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣ ಭಾರತದ ವ್ಯಾಪಾರ ಮತ್ತು ರಾಜಕೀಯ ಪ್ರಾಬಲ್ಯಕ್ಕಾಗಿ ಇಂಗ್ಲಿಷ್ ಮತ್ತು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗಳ ನಡುವೆ ನಿರಂತರ ಪೈಪೋಟಿ ನಡೆಯಿತು. 1760ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಒತ್ತಿದಾಗ ಅಲ್ಲಿನ ಫ್ರೆಂಚ್ ಅಧಿಪತಿ ಕೌಂಟ್ ಲಾಲಿಯು ಹೈದರ್ ಅಲಿಯ ನೆರವನ್ನು ಕೋರಿದನು. 1761ರ ಜನವರಿಯಲ್ಲಿ ಪುದುಚೇರಿ ಇಂಗ್ಲಿಷರ ವಶವಾಯಿತು. ಆ ಬಳಿಕ ನೆಲೆ ತಪ್ಪಿದ ಅನೇಕ ಯುರೋಪಿಯನ್ ಸೈನಿಕರು ಹಾಗೂ ಕುಶಲಕರ್ಮಿಗಳು ದೇಶೀಯ ಸಂಸ್ಥಾನಗಳಲ್ಲಿ ಕೆಲಸ ಹಿಡಿದರು. ಮೈಸೂರಿನ ಸೇನೆಯಲ್ಲಿ ಫಿರಂಗಿದಳ, ಬಂದೂಕು ತಯಾರಿಕೆ ಮತ್ತು ಕವಾಯತಿನ ತರಬೇತಿಯಲ್ಲಿ ಇಂತಹವರು ಮುಖ್ಯ ಪಾತ್ರ ವಹಿಸಿದರು. ಹೈದರನ ಸೇವೆಯಲ್ಲಿದ್ದ ಮೇಸ್ತ್ರ್ ದ ಲ ತೂರ್ ಎಂಬ ಫ್ರೆಂಚ್ ಅಧಿಕಾರಿಯು ಬರೆದ ಹೈದರನ ಚರಿತ್ರೆ 1783ರಲ್ಲಿ ಪ್ರಕಟವಾಯಿತು.

1779ರಲ್ಲಿ ಇಂಗ್ಲಿಷರು ಮಲಬಾರಿನ ಫ್ರೆಂಚ್ ನೆಲೆಯಾದ ಮಾಹೆಯನ್ನು ಆಕ್ರಮಿಸಿಕೊಂಡರು. ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಬಂದರು ಅದಾಗಿದ್ದುದರಿಂದ, ಎರಡನೆಯ ಆಂಗ್ಲೋ–ಮೈಸೂರು ಯುದ್ಧಕ್ಕೆ (1780–84) ಇದೂ ಒಂದು ಪ್ರಮುಖ ಕಾರಣವಾಯಿತು. 1788ರಲ್ಲಿ ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು ಫ್ರಾನ್ಸನ್ನು ತಲುಪಿ, ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿಯನ್ನು ಭೇಟಿಯಾದರು. ಸೈನಿಕ ನೆರವಿನ ಭರವಸೆ ದೊರೆಯದಿದ್ದರೂ ಉಡುಗೊರೆಗಳು ದೊರೆತವು; ಕೆಲವು ಕುಶಲಕರ್ಮಿಗಳೂ ಮೈಸೂರಿನತ್ತ ಹೊರಟರು. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಆರಂಭವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯಲ್ಲಿ ಫ್ರೆಂಚ್ ಸೈನಿಕರ ಅಧ್ಯಾಯ ಮುಗಿದು, ಫ್ರೆಂಚ್ ಪಾದ್ರಿಗಳ ಅಧ್ಯಾಯ ಬಲಗೊಂಡಿತು.

ಕರಾವಳಿ: ಉಡುಪಿ ಮತ್ತು ಮಂಗಳೂರು

ಉಡುಪಿ, ಕಾಪು ಮತ್ತು ಕಾರ್ಕಳ ಪ್ರದೇಶದಲ್ಲಿ ಫ್ರೆಂಚರು ಕಟ್ಟಿದ ಪ್ರಸಿದ್ಧ ಸ್ಮಾರಕಗಳಿಲ್ಲ. ಕರಾವಳಿಯ ಹಳೆಯ ಚರ್ಚುಗಳ ಇತಿಹಾಸ ಮುಖ್ಯವಾಗಿ ಪೋರ್ಚುಗೀಸ್ ಮೂಲದ್ದು. 1878ರಲ್ಲಿ ಮಂಗಳೂರಿಗೆ ಬಂದ ಜೆಸ್ವಿಟ್ ಪಾದ್ರಿಗಳು ಇಟಲಿಯವರು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ವರ್ಣಚಿತ್ರಗಳನ್ನು ರಚಿಸಿದ ಆಂತೋನಿಯೊ ಮೊಸ್ಕೆನಿಯೂ ಇಟಲಿಯವನೇ. ಬಾಸೆಲ್ ಮಿಶನ್ನಿನವರು ಜರ್ಮನ್ ಮತ್ತು ಸ್ವಿಸ್ ಮೂಲದವರು. ಆದುದರಿಂದ ಕರಾವಳಿಯ ಎಲ್ಲ ಯುರೋಪಿಯನ್ ಕಟ್ಟಡಗಳನ್ನೂ ಫ್ರೆಂಚ್ ಪರಂಪರೆಗೆ ಸೇರಿಸುವುದು ಸರಿಯಲ್ಲ.

ಉಡುಪಿಗೆ ಇರುವ ಫ್ರೆಂಚ್ ಸಂಬಂಧ ಕಲ್ಲಿನದಲ್ಲ, ಗ್ರಂಥದ್ದು. ಫ್ರೆಂಚ್ ವಿದುಷಿ ಸುಜಾನ್ ಸಿಯೋವ್ ಅವರು ಮಧ್ವಾಚಾರ್ಯರ ಅನುವ್ಯಾಖ್ಯಾನವನ್ನು ಆಧರಿಸಿ ಫ್ರೆಂಚ್ ಭಾಷೆಯಲ್ಲಿ ಅಧ್ಯಯನಗಳನ್ನು ಪ್ರಕಟಿಸಿದರು. ದ್ವೈತ ವೇದಾಂತವನ್ನು ಸಮಗ್ರವಾಗಿ ಪರಿಚಯಿಸುವ ಅವರ ಗ್ರಂಥವನ್ನು ಪುದುಚೇರಿಯ ಫ್ರೆಂಚ್ ಭಾರತಶಾಸ್ತ್ರ ಸಂಸ್ಥೆಯು 1968ರಲ್ಲಿ ಹೊರತಂದಿತು. ಮಧ್ವರ ಗ್ರಂಥಗಳ ಸಂಪಾದನೆಗೆ ಹೆಸರಾದ ಬನ್ನಂಜೆ ಗೋವಿಂದಾಚಾರ್ಯರ (1936–2020) ಊರಾದ ಬನ್ನಂಜೆಯ ಸುತ್ತಮುತ್ತ ಬೆಳೆದ ಮಧ್ವ ವಾಙ್ಮಯದ ಅಧ್ಯಯನವು ಫ್ರಾನ್ಸಿನ ವಿದ್ವತ್ತಿನಲ್ಲಿಯೂ ನಡೆದಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮಂಗಳೂರಿನ ಸಂಬಂಧ ನೇರವಾಗಿ ಯುದ್ಧಕ್ಕೆ ಸೇರಿದ್ದು. 1783ರ ಮೇ ತಿಂಗಳಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕೊಸಿನ್ಯಿ ಎಂಬ ಅಧಿಕಾರಿಯ ಕೈಕೆಳಗಿನ ಫ್ರೆಂಚ್ ಪಡೆ ಅವನೊಂದಿಗಿತ್ತು. ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಸಂಧಿ ಮಾಡಿಕೊಂಡ ಸುದ್ದಿ ಜುಲೈ ತಿಂಗಳಲ್ಲಿ ಮುಟ್ಟುತ್ತಲೇ ಫ್ರೆಂಚರು ಹೋರಾಟ ನಿಲ್ಲಿಸಿ ಹಿಂದೆ ಸರಿದರು. ಮುತ್ತಿಗೆಯ ನಡುವೆ ಮಿತ್ರರು ಕೈಬಿಟ್ಟ ಈ ಘಟನೆಯು ಟಿಪ್ಪುವಿಗೆ ತೀವ್ರ ಅಸಮಾಧಾನ ಉಂಟುಮಾಡಿತು. ಕೋಟೆಯೊಳಗಿದ್ದ ಇಂಗ್ಲಿಷ್ ಪಡೆ 1784ರ ಜನವರಿ 30ರಂದು ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಬೋಳೂರಿನಲ್ಲಿ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿ ಆ ಕಾಲವನ್ನು ನೆನಪಿಸುವ, ಇಂದೂ ನೋಡಬಹುದಾದ ಕಟ್ಟಡ.

1797ರ ಆರಂಭದಲ್ಲಿ ಫ್ರಾಂಸ್ವಾ ರಿಪೋ ಎಂಬ ಫ್ರೆಂಚ್ ಕಡಲಾಳಿನ ಹಡಗು ಕೆಟ್ಟು ಮಂಗಳೂರನ್ನು ಸೇರಿತು. ಅವನು ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಟಿಪ್ಪುವಿನ ಆಸ್ಥಾನದಲ್ಲಿ ಫ್ರಾನ್ಸಿನ ಪ್ರತಿನಿಧಿಯೆಂದು ಹೇಳಿಕೊಂಡನು. ಅವನ ಮಾತನ್ನು ನೆಚ್ಚಿ ಟಿಪ್ಪು ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರನ ಬಳಿಗೆ ದೂತರನ್ನು ಕಳುಹಿಸಿದನು. ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಈ ಸ್ನೇಹವನ್ನು ಬಹಿರಂಗವಾಗಿ ಘೋಷಿಸಿಬಿಟ್ಟನು. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಲ್ಲಿ ಬಂದಿಳಿದ ಸ್ವಯಂಸೇವಕರ ಸಂಖ್ಯೆ ನೂರರ ಆಸುಪಾಸಿನದು ಮಾತ್ರ. ಆದರೆ ಆ ಘೋಷಣೆಯನ್ನೇ ನೆಪವಾಗಿಸಿಕೊಂಡು ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರಿನ ಮೇಲೆ ಕೊನೆಯ ಯುದ್ಧವನ್ನು ಸಾರಿದನು.

ಮಂಜರಾಬಾದ್ ಕೋಟೆ

ಕರಾವಳಿಯಿಂದ ಶಿರಾಡಿ ಘಾಟಿಯ ಮೂಲಕ ಹಾಸನದ ಕಡೆಗೆ ಹೋಗುವಾಗ ಸಕಲೇಶಪುರಕ್ಕೆ ಮೊದಲು ದೋಣಿಗಾಲ್ ಸಮೀಪದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಇದೆ. ಟಿಪ್ಪು 1792ರ ವೇಳೆಗೆ ಕಟ್ಟಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಘಾಟಿಯ ದಾರಿಯನ್ನು ಕಾಯುವುದು ಅದರ ಉದ್ದೇಶವಾಗಿತ್ತು. ಕೋಟೆಯ ನಡುವೆ ಮೆಟ್ಟಿಲುಗಳುಳ್ಳ, ಮೇಲಿನಿಂದ ನೋಡಿದರೆ ಕೂಡುಗೆರೆಯಂತೆ ಕಾಣುವ ಕೊಳವಿದೆ.

ಹದಿನೇಳನೆಯ ಶತಮಾನದ ಫ್ರೆಂಚ್ ಸೇನಾ ಇಂಜಿನಿಯರ್ ವೋಬಾನ್ (1633–1707) ಪರಿಷ್ಕರಿಸಿದ ಕೋಟೆ ನಿರ್ಮಾಣ ಪದ್ಧತಿಯನ್ನು ಇಲ್ಲಿ ಕಾಣಬಹುದು. ಚಾಚಿಕೊಂಡ ಮೂಲೆಗಳಿಂದ ಪಕ್ಕದ ಗೋಡೆಯ ಬುಡದವರೆಗೂ ಗುಂಡು ಹಾರಿಸಬಹುದಾದುದರಿಂದ ಶತ್ರುವಿಗೆ ಮರೆಯಾಗಿ ನಿಲ್ಲಲು ಸ್ಥಳವಿರುವುದಿಲ್ಲ. ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಇಂಜಿನಿಯರುಗಳ ಸಲಹೆಯಿಂದ ಇದನ್ನು ಕಟ್ಟಲಾಯಿತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಕೋಟೆಯ ಆಕಾರವೇ ಅದಕ್ಕೆ ಮುಖ್ಯ ಆಧಾರ. ನಕ್ಷತ್ರದ ರೂಪವು ನೆಲಮಟ್ಟದಿಂದ ಪೂರ್ಣವಾಗಿ ಕಾಣುವುದಿಲ್ಲ. ಗೋಡೆಯ ಮೇಲೆ ಸುತ್ತು ಬಂದರೆ ಪ್ರತಿ ತಿರುವಿನಲ್ಲಿ ಅದರ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕಲ್ಲುಗಳು ಜಾರುವುದರಿಂದ ಎಚ್ಚರಿಕೆ ಅಗತ್ಯ.

ಶೆಟ್ಟಿಹಳ್ಳಿ ಚರ್ಚು

ಹಾಸನ ನಗರದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯಲ್ಲಿರುವ ರೋಸರಿ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರೆಂದು ಹೇಳಲಾಗುತ್ತದೆ. ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ಕಟ್ಟಿದ ಬಳಿಕ ಈ ಪ್ರದೇಶ ಹಿನ್ನೀರಿಗೆ ಸಿಲುಕಿತು. ಜನರು ಬೇರೆಡೆಗೆ ಸ್ಥಳಾಂತರಗೊಂಡರು. ಮಾಡು ಕಳೆದುಕೊಂಡ ಗೋಡೆಗಳೂ ಕಮಾನುಗಳೂ ಉಳಿದವು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಕಟ್ಟಡ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೆ ನಡೆದುಹೋಗಬಹುದು.

ಛಾಯಾಚಿತ್ರಗಳಿಂದಾಗಿ ಇದು ಇಂದು ಹೆಸರಾಂತ ಪ್ರವಾಸಿ ತಾಣವಾಗಿದೆ. ಆದರೆ ಇದು ಕೇವಲ ಸುಂದರವಾದ ಪಾಳುಕಟ್ಟಡವಲ್ಲ. ಮನೆ, ಹೊಲ ಮತ್ತು ಪೂಜಾಸ್ಥಳಗಳನ್ನು ಬಿಟ್ಟುಹೋದ ಒಂದು ಊರಿನ ಗುರುತು. ಪ್ರತಿವರ್ಷ ನೀರಿನಲ್ಲಿ ನೆನೆದು ಒಣಗುವ ಗೋಡೆಗಳು ಶಿಥಿಲವಾಗಿರುವುದರಿಂದ ಅವುಗಳ ಮೇಲೆ ಹತ್ತುವುದು ಅಪಾಯಕರ.

ಶ್ರೀರಂಗಪಟ್ಟಣ

ದರಿಯಾ ದೌಲತ್ ಬಾಗ್

1784ರಲ್ಲಿ ನಿರ್ಮಾಣವಾದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಮೇಲೆ ಪೊಳ್ಳಿಲೂರು ಕದನದ ಬೃಹತ್ ವರ್ಣಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪ ನಡೆದ ಈ ಕದನದಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದರು. ಚಿತ್ರದಲ್ಲಿ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮದ್ದಿನ ಗಾಡಿ ಸಿಡಿಯುತ್ತಿದೆ. ಒಂದೆಡೆ ದೂರದರ್ಶಕ ಹಿಡಿದ ಫ್ರೆಂಚ್ ಅಧಿಕಾರಿ ನಿಂತಿದ್ದಾನೆ. ಇವನನ್ನು ಮೈಸೂರಿನ ಫ್ರೆಂಚ್ ತುಕಡಿಯ ಮುಖ್ಯಸ್ಥನಾದ ಲಾಲೆ ಎಂದು ಗುರುತಿಸಲಾಗಿದೆ. ಪುದುಚೇರಿಯ ಕೌಂಟ್ ಲಾಲಿ ಬೇರೆ, ಈ ಲಾಲೆ ಬೇರೆ. ಕೌಂಟ್ ಲಾಲಿಯು 1766ರಲ್ಲಿಯೇ ಪ್ಯಾರಿಸಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದನು. ಮೂಲಚಿತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಣ್ಣ ಹಚ್ಚಿ ಸರಿಪಡಿಸಲಾಗಿದೆ. ಅರಮನೆಯನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತದೆ.

ಜಾಕೊಬಿನ್ ಕ್ಲಬ್ಬಿನ ಪ್ರಶ್ನೆ

ಫ್ರೆಂಚ್ ಕ್ರಾಂತಿಯ ತತ್ತ್ವಗಳನ್ನು ಒಪ್ಪಿದ 59 ಮಂದಿ 1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಜಾಕೊಬಿನ್ ಕ್ಲಬ್ ಸ್ಥಾಪಿಸಿದರು, ಮೇ ತಿಂಗಳಲ್ಲಿ ಗಣರಾಜ್ಯದ ಧ್ವಜ ಏರಿಸಿದರು, ಸ್ವಾತಂತ್ರ್ಯವೃಕ್ಷ ನೆಟ್ಟರು, ಟಿಪ್ಪುವನ್ನು ನಾಗರಿಕ ಎಂದು ಕರೆದರು ಎಂಬ ಕಥೆ ಪಠ್ಯಪುಸ್ತಕಗಳಲ್ಲಿಯೂ ಪ್ರವಾಸಿ ಕೈಪಿಡಿಗಳಲ್ಲಿಯೂ ಪ್ರಚಲಿತವಾಗಿದೆ. ಇದಕ್ಕೆ ಆಧಾರ 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ದೊರೆತವೆಂದು ಇಂಗ್ಲಿಷರು ಪ್ರಕಟಿಸಿದ ಕಾಗದಪತ್ರಗಳು. ಯುದ್ಧವನ್ನು ಸಮರ್ಥಿಸಿಕೊಳ್ಳಬೇಕಾಗಿದ್ದ ಆಡಳಿತವೇ ಇವನ್ನು ಬೆಳಕಿಗೆ ತಂದಿತೆಂಬುದನ್ನು ಮರೆಯುವಂತಿಲ್ಲ. ಫ್ರೆಂಚ್ ಇತಿಹಾಸಕಾರ ಝಾಂ ಬೂತಿಯೇ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ದಾಖಲೆಯ ಪ್ರಾಮಾಣಿಕತೆಯನ್ನು ಪ್ರಶ್ನಿಸಿದರು. ರಿಪೋ ಶ್ರೀರಂಗಪಟ್ಟಣಕ್ಕೆ ಬಂದುದು ಮತ್ತು ಟಿಪ್ಪು ಫ್ರಾನ್ಸಿನ ನೆರವು ಬಯಸಿದುದು ನಿರ್ವಿವಾದ. ಕ್ಲಬ್ಬಿನ ವಿಷಯ ಮಾತ್ರ ಚರ್ಚಾಸ್ಪದ. ಆ ಮರವಾಗಲಿ ಕ್ಲಬ್ಬಿನ ಕಟ್ಟಡವಾಗಲಿ ಇಂದು ನೋಡಸಿಗುವ ಸ್ಮಾರಕಗಳಲ್ಲ.

ಗಂಜಾಂ ಚರ್ಚು ಮತ್ತು ಅಬ್ಬೆ ದುಬ್ವಾ

ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದ ಗಂಜಾಮಿನಲ್ಲಿರುವ ಚರ್ಚು ಅಬ್ಬೆ ದುಬ್ವಾ ಚರ್ಚು ಎಂದೇ ಪರಿಚಿತ. ಝಾಂ ಆಂತ್ವಾನ್ ದುಬ್ವಾ (1766–1848) ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಘಕ್ಕೆ ಸೇರಿದ ಪಾದ್ರಿ. 1792ರಲ್ಲಿ ಭಾರತಕ್ಕೆ ಹೊರಟವನು. 1799ರ ಬಳಿಕ ಮೈಸೂರು ಸೀಮೆಗೆ ಬಂದು ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸಿದನು. ಹಾಸನ ಸೀಮೆಯಲ್ಲಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದನು. ಸಿಡುಬಿನ ಲಸಿಕೆ ಭಾರತಕ್ಕೆ ಬಂದ ಮೊದಲ ವರ್ಷಗಳಲ್ಲಿಯೇ ಜನರ ಅಂಜಿಕೆಯನ್ನು ಎದುರಿಸಿ ಅದನ್ನು ಹರಡಲು ಶ್ರಮಿಸಿದನು. ದೇಶೀಯ ಉಡುಪು ಮತ್ತು ಆಹಾರಕ್ರಮವನ್ನು ರೂಢಿಸಿಕೊಂಡಿದ್ದ ಅವನು 1823ರಲ್ಲಿ ಫ್ರಾನ್ಸಿಗೆ ಮರಳಿದನು.

ಹಿಂದೂಗಳ ಆಚಾರ–ವ್ಯವಹಾರಗಳನ್ನು ಕುರಿತು ಅವನ ಹೆಸರಿನಲ್ಲಿರುವ ಗ್ರಂಥದ ಹಸ್ತಪ್ರತಿಯನ್ನು ಮದರಾಸು ಸರ್ಕಾರ ಖರೀದಿಸಿತು. ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂತು. ಅದರ ಬಹುಭಾಗ ಹದಿನೆಂಟನೆಯ ಶತಮಾನದ ಜೆಸ್ವಿಟ್ ಪಾದ್ರಿ ಕರ್ದೂ ಬರೆದ ಹಸ್ತಪ್ರತಿಯಿಂದ ಬಂದದ್ದೆಂದು ಸಂಶೋಧಕಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಹೀಗಾಗಿ ಆ ಗ್ರಂಥವನ್ನು ಮೈಸೂರು ಸೀಮೆಯ ಕಣ್ಣಾರೆ ಕಂಡ ವರ್ಣನೆಯೆಂದು ಉದ್ಧರಿಸುವಾಗ ಎಚ್ಚರ ವಹಿಸಬೇಕಾಗುತ್ತದೆ.

ಗ್ಯಾರಿಸನ್ ಸ್ಮಶಾನ

ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಇಲ್ಲಿ ಫ್ರೆಂಚ್ ಹೆಸರುಗಳನ್ನು ಕಂಡ ಸಂದರ್ಶಕರು ಅವರನ್ನು ಟಿಪ್ಪುವಿನ ಕಡೆಯವರೆಂದು ಭಾವಿಸುವುದುಂಟು. ವಾಸ್ತವವಾಗಿ ಇವುಗಳಲ್ಲಿ ಅನೇಕವು ದ ಮ್ಯೂರಾಂ ರೆಜಿಮೆಂಟಿಗೆ ಸೇರಿದವು. 1781ರಲ್ಲಿ ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಮಾತನಾಡುವ ನ್ಯೂಶಾಟೆಲ್ ಪ್ರದೇಶದಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಈ ದಂಡು 1795ರಲ್ಲಿ ಬ್ರಿಟಿಷರ ಸೇವೆಗೆ ಬಂದು, 1799ರ ಮುತ್ತಿಗೆಯಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿತ್ತು. ಅನಂತರ ಕೋಟೆಯ ಕಾವಲಿಗೆ ನಿಂತವರಲ್ಲಿ ಹಲವರು ಕುಟುಂಬದವರೊಂದಿಗೆ ಇಲ್ಲಿಯೇ ಮಣ್ಣಾದರು. ಫ್ರೆಂಚ್ ಹೆಸರು ಇದ್ದಮಾತ್ರಕ್ಕೆ ಯಾವ ಪಕ್ಷವೆಂದು ನಿರ್ಧರಿಸಲಾಗದು ಎಂಬುದಕ್ಕೆ ಈ ಸ್ಮಶಾನ ಉತ್ತಮ ನಿದರ್ಶನ.

ಪಾಂಡವಪುರ

ಶ್ರೀರಂಗಪಟ್ಟಣದ ಉತ್ತರಕ್ಕಿರುವ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ತುಕಡಿ ಇಲ್ಲಿ ಬೀಡುಬಿಟ್ಟಿದ್ದುದರಿಂದ, ಊರಿನ ಪಕ್ಕದ ಬಂಡೆಗುಡ್ಡಗಳನ್ನು ಸೇರಿಸಿ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಬ್ರಿಟಿಷರ ಕಾಲದಲ್ಲಿಯೂ ಇಲ್ಲಿ ಸೈನಿಕ ಠಾಣೆಯಿತ್ತು. ಬೆಂಗಳೂರು–ಮೈಸೂರು ಮಾರ್ಗದ ರೈಲು ನಿಲ್ದಾಣಕ್ಕೂ ಬಹುಕಾಲ ಇದೇ ಹೆಸರಿತ್ತು.

ಪಾಂಡವರು ವನವಾಸದಲ್ಲಿ ಇಲ್ಲಿ ತಂಗಿದ್ದರು, ತಾಯಿ ಕುಂತಿಗೆ ಈ ಬೆಟ್ಟ ಮೆಚ್ಚಿಗೆಯಾಗಿತ್ತು ಎಂಬುದು ಸ್ಥಳಪುರಾಣ. ಕುಂತಿಬೆಟ್ಟ ಮತ್ತು ಪಾಂಡವಪುರ ಎಂಬ ಹೆಸರುಗಳು ಅದಕ್ಕೆ ಸಂಬಂಧಿಸಿದವು. ಹೀಗೆ ಒಂದೇ ಬಂಡೆಗೆ ಪುರಾಣದ ಹೆಸರೂ ಪಾಳೆಯದ ಹೆಸರೂ ಇದ್ದು, ಇಂದು ಮೊದಲನೆಯದು ಮಾತ್ರ ಬಳಕೆಯಲ್ಲಿದೆ. ಹಳೆಯ ನಕ್ಷೆ, ಪತ್ರ ಮತ್ತು ಗ್ಯಾಸೆಟಿಯರುಗಳನ್ನು ಓದುವ ವಿದ್ಯಾರ್ಥಿಗಳು ಈ ಎರಡೂ ಹೆಸರು ಒಂದೇ ಊರಿನವೆಂದು ತಿಳಿದಿರಬೇಕು. ಇಲ್ಲಿ ಫ್ರೆಂಚ್ ಕಟ್ಟಡಗಳಿಗಿಂತ ಬೆಟ್ಟದ ಮೇಲಿನಿಂದ ಕಾಣುವ ಭೂದೃಶ್ಯವೇ ಮುಖ್ಯ: ರಾಜಧಾನಿಯ ಸನಿಹದಲ್ಲಿ, ಆದರೆ ಅದರ ಗೋಡೆಯ ಹೊರಗೆ ಪರದೇಶಿ ದಂಡನ್ನು ಇರಿಸಿದ್ದ ಬಗೆ ಅಲ್ಲಿಂದ ಸ್ಪಷ್ಟವಾಗುತ್ತದೆ.

ಮೈಸೂರು ಮತ್ತು ಬೆಂಗಳೂರು

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಕಥೋಲಿಕ ಮಿಶನ್ ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಘದ ಆಡಳಿತದಲ್ಲಿತ್ತು. ಬಿಷಪ್ ಶಾರ್ಬೊನೊ ಸಿದ್ಧಪಡಿಸಿದ ಕನ್ನಡ–ಲ್ಯಾಟಿನ್ ನಿಘಂಟು 1855ರಲ್ಲಿಯೂ ಲ್ಯಾಟಿನ್–ಕನ್ನಡ ನಿಘಂಟು 1861ರಲ್ಲಿಯೂ ಬೆಂಗಳೂರಿನಲ್ಲಿ ಮುದ್ರಣಗೊಂಡವು. ಕಿಟ್ಟೆಲರ ನಿಘಂಟಿಗಿಂತ (1894) ಹಲವು ದಶಕಗಳ ಹಿಂದಿನ ಈ ಕೆಲಸ ಕನ್ನಡ ನಿಘಂಟುಗಳ ಚರಿತ್ರೆಯಲ್ಲಿ ಗಮನಾರ್ಹವಾದುದು.

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಆರಂಭವನ್ನು ಅಬ್ಬೆ ದುಬ್ವಾ ಕಟ್ಟಿಸಿದ ಪ್ರಾರ್ಥನಾಲಯಕ್ಕೆ ಸೇರಿಸಲಾಗುತ್ತದೆ. ಈಗಿನ ಗಾಥಿಕ್ ಕಟ್ಟಡವು ಪಾದ್ರಿ ಕ್ಲೈನರ್ ಅವರ ನೇತೃತ್ವದಲ್ಲಿ 1875ರಿಂದ 1882ರವರೆಗೆ ನಿರ್ಮಾಣಗೊಂಡಿತು. ಪ್ರತಿವರ್ಷ ಸೆಪ್ಟೆಂಬರ್ 8ರಂದು ಮುಗಿಯುವ ಹಬ್ಬಕ್ಕೆ ಬೇರೆ ಬೇರೆ ಮತಗಳ ಜನ ಸೇರುತ್ತಾರೆ. ಸಂತ ಜೋಸೆಫರ ವಿದ್ಯಾಸಂಸ್ಥೆಯನ್ನು 1882ರಲ್ಲಿ ಇದೇ ಸಂಘದ ಪಾದ್ರಿಗಳು ಸ್ಥಾಪಿಸಿ, 1937ರಲ್ಲಿ ಜೆಸ್ವಿಟರಿಗೆ ವಹಿಸಿಕೊಟ್ಟರು.

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟರು. ಇದರ ವಿನ್ಯಾಸಕಾರ ಡಾಲಿ ಎಂಬ ಫ್ರೆಂಚ್ ವ್ಯಕ್ತಿಯೆಂದು ಹೇಳಲಾಗುತ್ತದೆ. ಬಣ್ಣದ ಗಾಜಿನ ಕಿಟಕಿಗಳು ಫ್ರಾನ್ಸಿನಿಂದ ಬಂದವು. 175 ಅಡಿ ಎತ್ತರದ ಜೋಡಿ ಗೋಪುರಗಳ ಮಾದರಿ ಮಾತ್ರ ಜರ್ಮನಿಯ ಕಲೋನ್ ಕೆಥೆಡ್ರಲಿನದು.

ಬಳ್ಳಾರಿ ಕೋಟೆ

ಬಳ್ಳಾರಿ ಗುಡ್ಡದ ಕೆಳಕೋಟೆಯನ್ನು ಹೈದರ್ ಅಲಿ ಒಬ್ಬ ಫ್ರೆಂಚ್ ಇಂಜಿನಿಯರನಿಂದ ಕಟ್ಟಿಸಿದನೆಂದು ಪ್ರತೀತಿ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದ್ದು, ಅಲ್ಲಿಂದ ಶತ್ರುಗಳು ಫಿರಂಗಿ ಹಾರಿಸಬಹುದೆಂದು ಕೆಲಸ ಮುಗಿದ ಮೇಲೆ ಹೈದರನಿಗೆ ಹೊಳೆಯಿತಂತೆ. ಕುಪಿತನಾಗಿ ಇಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ನೇಣಿಗೆ ಹಾಕಿಸಿದನಂತೆ. ಪೂರ್ವದ ಬಾಗಿಲಿನ ಬಳಿಯ ಸಮಾಧಿಯನ್ನು ಅವನದೆಂದು ಕೆಲವರು ತೋರಿಸುತ್ತಾರೆ. ಅದು ಒಬ್ಬ ಮುಸ್ಲಿಂ ಸಂತನ ಗೋರಿಯೆಂದು ಇನ್ನು ಕೆಲವರು ನಂಬುತ್ತಾರೆ. ಎರಡು ಗುಡ್ಡಗಳ ಎತ್ತರದ ವ್ಯತ್ಯಾಸವನ್ನು ಇಂದಿಗೂ ಕಣ್ಣಾರೆ ಕಾಣಬಹುದು, ಉಳಿದುದು ಐತಿಹ್ಯ.

ರಾಜ್ಯದ ಹೊರಗಿನ ಸಂಬಂಧಿತ ತಾಣಗಳು

ಕರಾವಳಿಯವರಿಗೆ ಅತ್ಯಂತ ಸಮೀಪದ ಫ್ರೆಂಚ್ ವಸಾಹತು ಮಾಹೆ. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ, ಕೇರಳದ ನಡುವೆ ಇರುವ ಈ ಪುಟ್ಟ ಪಟ್ಟಣ ಪುದುಚೇರಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದೆ. 1720ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಫ್ರೆಂಚರು 1954ರ ಜುಲೈ 16ರಂದು ಹೊರಟುಹೋದರು. ಸಂತ ತೆರೇಸಾ ಚರ್ಚು, ನದೀಮುಖದ ಉದ್ಯಾನ ಮತ್ತು ಅಲ್ಲಿರುವ, ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನಳ ಪ್ರತಿಮೆ ಪ್ರೇಕ್ಷಣೀಯ. ಫ್ರಾನ್ಸಿಗೆ ಪ್ರವಾಸ ಹೋಗುವ ಕನ್ನಡಿಗರಿಗೆ ವರ್ಸೈ ಅರಮನೆಯ ಹರ್ಕ್ಯುಲಿಸ್ ಸಭಾಂಗಣ ಮುಖ್ಯವಾದುದು. ಮೈಸೂರಿನ ರಾಯಭಾರಿಗಳನ್ನು ದೊರೆ ಬರಮಾಡಿಕೊಂಡದ್ದು ಅಲ್ಲಿ.

ಪ್ರವಾಸ ಮಾರ್ಗ

ಉಡುಪಿಯಿಂದ ಹೊರಡುವವರು ಬನ್ನಂಜೆಯ ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣದಿಂದ ಮಂಗಳೂರನ್ನು ತಲುಪಿ, ಅಲ್ಲಿಂದ ಬಿ.ಸಿ.ರೋಡ್, ಉಪ್ಪಿನಂಗಡಿ, ಶಿರಾಡಿ ಘಾಟಿ ಮಾರ್ಗವಾಗಿ ಸಕಲೇಶಪುರ ಮತ್ತು ಹಾಸನಕ್ಕೆ ಹೋಗಬಹುದು. ಮೊದಲ ದಿನ ಸುಲ್ತಾನ್ ಬತ್ತೇರಿ ಮತ್ತು ಮಂಜರಾಬಾದ್, ಎರಡನೆಯ ದಿನ ಶೆಟ್ಟಿಹಳ್ಳಿ ಮತ್ತು ಪಾಂಡವಪುರ, ಮೂರನೆಯ ದಿನ ಶ್ರೀರಂಗಪಟ್ಟಣ ಮತ್ತು ಮೈಸೂರು ಎಂದು ವಿಂಗಡಿಸಿಕೊಂಡರೆ ಅವಸರವಿಲ್ಲದೆ ನೋಡಲು ಸಾಧ್ಯ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿ.ಮೀ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ಹೊರಡುವ ಮುನ್ನ ರಸ್ತೆಯ ಸ್ಥಿತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಅವಧಿ ಕೋಟೆಗಳನ್ನು ಹತ್ತಲು ಅನುಕೂಲಕರ. ಶೆಟ್ಟಿಹಳ್ಳಿಯ ಚರ್ಚಿನೊಳಗೆ ಹೋಗಬೇಕೆಂದಿದ್ದರೆ ನೀರು ಇಳಿಯುವ ಬೇಸಿಗೆಯೇ ಸೂಕ್ತ. ಗಂಜಾಂ, ಬೆಂಗಳೂರು ಮತ್ತು ಮೈಸೂರಿನ ಚರ್ಚುಗಳು ಇಂದಿಗೂ ಪೂಜಾಸ್ಥಳಗಳಾಗಿರುವುದರಿಂದ ಪ್ರಾರ್ಥನೆಯ ವೇಳೆಯಲ್ಲಿ ಮೌನವನ್ನು ಪಾಲಿಸಬೇಕು.